ಉರಿಯುವ ದೀಪಕ್ಕೆ ಸ್ಪಿರಿಟ್ ಸುರಿದವರು ಯಾರು

ಭಾನುವಾರ, ಬೆಳಗಿನ ಕಾಫಿ ಆರಿಹೋದ ಮೇಲೆ

ಉದ್ದಣ್ಣನಿಗೆ,

‘ಪ್ರಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಕಾಗದವನ್ನು ಬೆಳಕಿಗೆ ಹಿಡಿದರೆ ಕಾಣಿಸೀತು. ಕ್ಷೇಮ ಸಮಾಚಾರವೆಲ್ಲ ಕಳೆದ ವಾರ ಹಳೆಯ ಸಹಪಾಠಿಗಳ ಸಭೆಯಲ್ಲೇ ಮುಗಿದಿದೆ. ನಿನ್ನ ಮಂಡಿ, ನನ್ನ ಬಿ.ಪಿ., ಅತ್ತಿಗೆಯವರ ಕಣ್ಣಿನ ಪೊರೆ, ಒಂದನ್ನೂ ಬಿಟ್ಟಿಲ್ಲ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಐ ಬೆಗ್ ಟು ಸ್ಟೇಟ್ ದಟ್ ಐ ಆಮ್ ಹೈಲಿ ಡಿಸ್‌ಅಪಾಯಿಂಟೆಡ್. ಬೆಗ್ ಎಂದರೆ ಬೇಡುವುದು ಅಲ್ಲವೇ? ಹಾಗಾದರೆ ಅದನ್ನು ಬಿಡು. ನಾನೇನೂ ಬೇಡುತ್ತಿಲ್ಲ. ನನಗೆ ಸಿಟ್ಟು ಬಂದಿದೆ, ಅಷ್ಟೇ.

ನೇರವಾಗಿ ಬರುತ್ತೇನೆ ಎಂದೆನಲ್ಲ, ಅದಕ್ಕೂ ಮುಂಚೆ ಒಂದು ಮಾತು. ಸಭೆಯ ಏರ್ಪಾಡು ಚೆನ್ನಾಗಿತ್ತು. ಅದನ್ನು ಇಲ್ಲವೆನ್ನುವ ಮನುಷ್ಯ ನಾನಲ್ಲ. ಎದೆಗೆ ಸಿಕ್ಕಿಸಿಕೊಳ್ಳುವ ಚೀಟಿಯಲ್ಲಿ ಹೆಸರಿನ ಬದಲು ಕಾಲೇಜಿನ ಅಡ್ಡಹೆಸರು ಬರೆಸಿದ ಉಪಾಯ ನಿನ್ನದೇ ಇರಬೇಕು. ನಲವತ್ತು ವರ್ಷ ಕನ್ನಡಕದ ಅಂಗಡಿಯಲ್ಲಿ ‘ಸಾರ್’ ಎನಿಸಿಕೊಂಡವನು, ಬಾಗಿಲಲ್ಲೇ ‘ಲೋ ಡಿಕ್ಷನರಿ!’ ಎಂದು ಯಾರೋ ಕೂಗಿದ್ದು ಕೇಳಿ ನಿಂತಲ್ಲೇ ಕರಗಿಹೋದೆ. ‘ಗುಬ್ಬಿ’ ಈಗ ಇಬ್ಬರು ಕೂರುವ ಸೋಫಾದಲ್ಲಿ ಒಬ್ಬನೇ ಕೂತಿದ್ದ. ‘ರೇಡಿಯೋ’ಗೆ ಕಿವಿ ಕೇಳುವುದಿಲ್ಲವಂತೆ. ಆದರೂ ಮಾತು ನಿಂತಿಲ್ಲ, ಇನ್ನೂ ಜೋರಾಗಿದೆ. ನೀನು ಒಂದೇ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರಾಗಿ ಸೇರಿ, ಸೇಫ್ಟಿ ಮ್ಯಾನೇಜರಾಗಿ ನಿವೃತ್ತನಾದೆ ಎಂದು ತಿಳಿದು ನನಗೆ ನಿಜಕ್ಕೂ ಸಂತೋಷವಾಯಿತು. ಆ ಸಂತೋಷ ನೀನು ಮೈಕ್ ಹಿಡಿಯುವವರೆಗೆ ಇತ್ತು.

ನೀನು ಹೇಳಿದ್ದನ್ನು ನಿನಗೇ ತಿರುಗಿ ಹೇಳುತ್ತೇನೆ, ಕೇಳು. ಕೆಮಿಸ್ಟ್ರಿ ಪ್ರಾಕ್ಟಿಕಲ್. ಡೆಮಾನ್‌ಸ್ಟ್ರೇಟರು ಟೀ ಕುಡಿಯಲು ಹೋಗಿದ್ದರು. “ಒಬ್ಬ ಹುಡುಗಿ ಸ್ಪಿರಿಟ್ ಲ್ಯಾಂಪ್ ಆರಿದೆ ಅಂದ್ಕೊಂಡು ಬಾಟ್ಲಿ ಬಗ್ಗಿಸಿದ್ಲು ನೋಡಿ! ಹಗಲು ಬೆಳಕಲ್ಲಿ ಆ ಉರಿ ಕಣ್ಣಿಗೆ ಕಾಣಲ್ಲ. ಭಗ್ ಅಂತು! ತೋಳಿಗೆ ಹತ್ಕೊಳ್ತು. ಎಲ್ರೂ ಬಾಗಿಲಿಗೆ ಓಡಿದ್ರು.” ಆಗ ನೀನು, ನೀನೊಬ್ಬನೇ, ಸಿಂಕಿನ ಕೆಳಗೆ ನೆಲ ಒರೆಸಲು ಇಟ್ಟಿದ್ದ ಒದ್ದೆ ಗೋಣಿಚೀಲ ಎಳೆದು ಅವಳ ತೋಳಿಗೆ ಸುತ್ತಿದೆಯಂತೆ. ಬೆಂಚಿನ ಮೇಲೆ ಹರಿದಾಡುತ್ತಿದ್ದ ಬೆಂಕಿಯ ಮೇಲೆ ಮರಳಿನ ಬಕೆಟ್ ಸುರಿದೆಯಂತೆ. ಅವಳು ‘ನನ್ ಸ್ವೆಟರ್, ನನ್ ಸ್ವೆಟರ್’ ಎಂದು ಅತ್ತಳಂತೆ. ಜನ ನಕ್ಕರು. ನೀನು ದನಿ ತಗ್ಗಿಸಿ, ಆ ಹುಡುಗಿ ಈಗ ನಮ್ಮ ಜೊತೆಗಿಲ್ಲ ಎಂದೆ. ಆಮೇಲೆ ನನ್ನತ್ತ ಕೈ ಚಾಚಿ, “ಡಿಕ್ಷನರಿಗೆ ಹೆಂಡ್ತಿ ಉಳಿಸಿಕೊಟ್ಟವನು ನಾನು ಕಣ್ರೀ! ಇಲ್ಲಾಂದ್ರೆ ಒಂಟಿ ಗೂಳಿ ಆಗಿರ್ತಿದ್ದ,” ಎಂದೆ.

ಇಡೀ ಹಾಲ್ ನನ್ನತ್ತ ತಿರುಗಿ ಚಪ್ಪಾಳೆ ತಟ್ಟಿತು. ನನ್ನ ಬಾಯಲ್ಲಿ ಬಿಸ್ಕತ್ತಿತ್ತು. ಅರ್ಧ ಎದ್ದು ನಿಂತು ತಲೆಯಾಡಿಸಿದೆ. ಅಂಗಡಿಯ ಅಭ್ಯಾಸ ಅದು. ಗಿರಾಕಿ ಏನು ಹೇಳಿದರೂ ಕತ್ತು ತಾನಾಗಿ ಆಡುತ್ತದೆ. ಆ ಕತ್ತಿನ ಮೇಲೂ ನನಗೆ ಸಿಟ್ಟಿದೆ. ಆದರೆ ಅದು ನನ್ನ ಕತ್ತು, ನಾನು ನೋಡಿಕೊಳ್ಳುತ್ತೇನೆ. ಈಗ ನಿನ್ನ ನಾಲಗೆಯ ವಿಚಾರ.

ಲೋ ಉದ್ದಣ್ಣ, ಸ್ಪಿರಿಟ್ ಸುರಿದವನು ನೀನು. ತೋಳಿಗೆ ಬೆಂಕಿ ಹತ್ತಿಸಿಕೊಂಡವನು ನೀನು. ಸ್ವೆಟರಿಗಾಗಿ ಅತ್ತವನು ನೀನು, ನಿಮ್ಮಕ್ಕ ಹೆಣೆದುಕೊಟ್ಟ ಹಸಿರು ಸ್ವೆಟರಿಗಾಗಿ. ಗೋಣಿಚೀಲ ಸುತ್ತಿದವಳು ಅವಳು. ನಮ್ಮ ಬೆಂಚಿನ ಮೂರನೆಯವಳು, ನೀವೆಲ್ಲ ‘ಹೆಡ್‌ಮಿಸ್ಸು’ ಎಂದು ಕರೆಯುತ್ತಿದ್ದವಳು, ಆಮೇಲೆ ನನ್ನನ್ನು ಮದುವೆಯಾಗುವಷ್ಟು ಧೈರ್ಯ ಮಾಡಿದವಳು. ಯಾರೋ ನೀರಿನ ಮಗ್ಗು ಎತ್ತಿಕೊಂಡು ಬಂದಾಗ “ನೀರು ಬೇಡ, ಹರಡತ್ತೆ! ಮರಳು ತಾ!” ಎಂದು ಕೂಗಿದವಳೂ ಅವಳೇ. ಅವನು ಮಗ್ಗನ್ನು ಅಲ್ಲೇ ಬಿಸಾಡಿ ಓಡಿಹೋದ. ಅವಳೇ ಹೋಗಿ ಮರಳು ತಂದಳು. ನಿನ್ನ ಕೈಯಿಂದ ಬಾಟಲಿ ಕಿತ್ತು ಅದರ ಬಾಯಿಗೆ ತನ್ನ ಪ್ರಾಕ್ಟಿಕಲ್ ರೆಕಾರ್ಡ್ ಮುಚ್ಚಿದಳು. ರೆಕಾರ್ಡಿನ ರಟ್ಟು ಸುಟ್ಟು ಗುಂಡಗೆ ತೂತಾಯಿತು. ನಿನ್ನ ಚರ್ಮಕ್ಕೆ ಒಂದು ಬೊಬ್ಬೆಯೂ ಬರಲಿಲ್ಲ.

ಈ ಕಥೆಯನ್ನು ಅವಳು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಕರೆಂಟು ಹೋಗಿ ಮೇಣದಬತ್ತಿ ಹಚ್ಚಿದಾಗ ಹೇಳುವಳು. ಆಸ್ಪತ್ರೆಯ ಲ್ಯಾಬಿನಿಂದ, ಅಲ್ಲೇ ಅಲ್ಲವೇ ಅವಳು ಜೀವಮಾನವೆಲ್ಲ ಊರವರ ರಕ್ತ ಪರೀಕ್ಷೆ ಮಾಡಿದ್ದು, ಸುಸ್ತಾಗಿ ಬಂದು ಕಾಲು ಚಾಚಿದಾಗ ಮಗಳು ಕೇಳಿದರೂ ಹೇಳುವಳು. ಒಂದು ಸಲವೂ ಬೆಂಕಿ ಇದ್ದುದಕ್ಕಿಂತ ಒಂದು ಗೇಣು ಎತ್ತರಕ್ಕೆ ಹೋಗಲಿಲ್ಲ. ನಾನಾದರೆ ಎರಡನೇ ಸಲಕ್ಕೇ ಛಾವಣಿ ಸುಟ್ಟುಬಿಡುತ್ತಿದ್ದೆ. ಕೊನೆಗೆ ಏನು ಹೇಳುತ್ತಿದ್ದಳು ಗೊತ್ತೇ? “ಎಲ್ಲ ಮುಗಿದ ಮೇಲೆ ಬಾತ್‌ರೂಮಿಗೆ ಹೋಗಿ ವಾಂತಿ ಮಾಡ್ಕೊಂಡೆ. ಕೈಕಾಲು ಥರಥರ ಅಂತಿತ್ತು.” ಸುಳ್ಳು ಹೇಳಿ ದೊಡ್ಡವರಾಗಬೇಕು ಎನ್ನುವವರು ತಮ್ಮದೇ ಕಥೆಯ ತುದಿಗೆ ವಾಂತಿ ಇಟ್ಟುಕೊಳ್ಳುತ್ತಾರೆಯೇ? ನಿನ್ನ ಕಥೆಯಲ್ಲಿ ವಾಂತಿ ಎಲ್ಲಿದೆ? ನಡುಕ ಎಲ್ಲಿದೆ? ನಿನ್ನ ಕಥೆ ಇಸ್ತ್ರಿ ಮಾಡಿದ ಅಂಗಿಯ ಹಾಗಿದೆ, ಒಂದು ಸುಕ್ಕೂ ಇಲ್ಲ. ಆನೆಸ್ಟಿ ಈಸ್ ದಿ ಬೆಸ್ಟ್ ಪಾಲಿಸಿ ಎಂದು ಕಾಲೇಜಿನ ಗೋಡೆಯ ಮೇಲೆ ಬರೆದಿತ್ತು. ನೀನು ಆ ಪಾಲಿಸಿಯ ಕಂತು ಕಟ್ಟುವುದನ್ನು ಯಾವಾಗ ನಿಲ್ಲಿಸಿದೆ?

ಯಾವಾಗ ಎನ್ನುವುದನ್ನು ನಾನೇ ಊಹಿಸಿದ್ದೇನೆ. ವಾರವಿಡೀ ನನಗೆ ಬೇರೆ ಕೆಲಸವೂ ಇರಲಿಲ್ಲ. ಅಂಗಡಿಯನ್ನು ಅಳಿಯ ನೋಡಿಕೊಳ್ಳುತ್ತಾನೆ, ನಾನು ಹೋದರೆ ಗಿರಾಕಿಗಳನ್ನು ಮಾತಿಗೆಳೆದು ತಡಮಾಡುತ್ತೇನಂತೆ. ಕಾರ್ಖಾನೆಗೆ ಹೊಸದಾಗಿ ಸೇರುವ ಕೆಲಸಗಾರರಿಗೆಲ್ಲ ಮೊದಲ ದಿನ ನೀನು ಈ ಕಥೆಯನ್ನೇ ಹೇಳುತ್ತಿದ್ದೆಯೆಂದು ನೀನೇ ಮೈಕಿನಲ್ಲಿ ಹೆಮ್ಮೆಪಟ್ಟೆ. ಮೊದಮೊದಲು ನಿಜ ಹೇಳಿರಬಹುದು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕಿರಬೇಕು. ಸೇಫ್ಟಿ ಆಫೀಸರನೇ ಉರಿಯುವ ದೀಪಕ್ಕೆ ಸ್ಪಿರಿಟ್ ಹೊಯ್ದವನು ಎಂದರೆ ಹೆಲ್ಮೆಟ್ ಹಾಕಿಕೋ ಎಂದು ನೀನು ಹೇಳಿದ್ದನ್ನು ಯಾರು ಕೇಳುತ್ತಾರೆ? ಅದಕ್ಕೇ, ಮೊದಲು ಸುರಿದವನನ್ನು ‘ಯಾರೋ ಒಬ್ಬ’ ಮಾಡಿದೆ. ಆಮೇಲೆ ಅವನು ‘ಒಬ್ಬ ಹುಡುಗಿ’ ಆದ. ಉಳಿಸಿದವರ ಜಾಗ ಖಾಲಿ ಬಿತ್ತು, ನೀನು ಹೋಗಿ ಕೂತೆ. ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ಟವೆಲ್ ಹಾಕಿದ ಹಾಗೆ! ನಿನ್ನ ನೌಕರಿಗೆ ಅದು ಬೇಕಾಗಿತ್ತು ಎಂದೇ ಇಟ್ಟುಕೊಳ್ಳೋಣ. ಗ್ರಾಂಟೆಡ್. ಹೊರಗಿನವರಿಗೆ ಏನು ಬೇಕಾದರೂ ಹೇಳಿಕೊಂಡಿದ್ದೆಯಲ್ಲ, ನಮ್ಮವರ ಮುಂದೆ, ನನ್ನ ಮುಂದೆ, ನನ್ನ ಮಗಳ ಮುಂದೆ ಯಾಕೆ ಹೇಳಿದೆ?

ಹೌದು, ಮಗಳು. ಅವಳೇ ನನ್ನನ್ನು ಕಾರಿನಲ್ಲಿ ಕರೆತಂದವಳು, ಹಿಂದಿನ ಬಾಗಿಲ ಹತ್ತಿರ ನಿಂತಿದ್ದಳು. ನೀನು ಅವಳ ಗಲ್ಲ ತಟ್ಟಿ “ಥೇಟ್ ಅಮ್ಮನೇ” ಎಂದೆ. ಅವಳು ಏನು ಕೆಲಸ ಮಾಡುತ್ತಾಳೆಂದು ಕೇಳುವಷ್ಟು ವ್ಯವಧಾನ ನಿನಗಿರಲಿಲ್ಲ. ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಾಳೆ. ವರ್ಷದ ಮೊದಲ ಪ್ರಾಕ್ಟಿಕಲ್ ದಿನ, ಹುಡುಗ ಹುಡುಗಿಯರು ಲ್ಯಾಂಪಿಗೆ ಕಡ್ಡಿ ಗೀರುವ ಮುಂಚೆ, ಅವರನ್ನೆಲ್ಲ ಬೆಂಚಿನ ಸುತ್ತ ನಿಲ್ಲಿಸಿಕೊಂಡು “ನಮ್ಮಮ್ಮ ಕಾಲೇಜಲ್ಲಿದ್ದಾಗ ಏನಾಯ್ತು ಗೊತ್ತಾ” ಎಂದು ಶುರುಮಾಡುತ್ತಾಳೆ. ಪಾಠ ಮರೆತವರು ಕೂಡ ಆ ಕಥೆ ಮರೆಯುವುದಿಲ್ಲವಂತೆ. ದಾರಿಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಮೀಸೆ ಬಂದವನು, “ಮಿಸ್, ಗೋಣಿಚೀಲ!” ಎಂದು ಕೈಯೆತ್ತಿದ್ದನ್ನು ನಾನೇ ನೋಡಿದ್ದೇನೆ.

ಆ ದಿನ ವಾಪಸು ಬರುವ ದಾರಿಯಲ್ಲಿ ಸಿಗ್ನಲ್ಲಿನಲ್ಲಿ ಕೆಂಪು ಬಿದ್ದಾಗ “ಆ ಅಂಕಲ್ ಹೇಳಿದ್ದು ಉಲ್ಟಾ ಅಲ್ವಾ ಅಪ್ಪ?” ಎಂದಳು. ಉಲ್ಟಾನೇ ಎಂದೆ. “ಮತ್ತೆ ನೀನ್ಯಾಕೆ ತಲೆ ಆಡಿಸ್ದೆ?” ಎಂದಳು. ಬಿಸ್ಕತ್ತಿನ ವಿಷಯ ಹೇಳಿದೆ. ನಗಲಿಲ್ಲ. ಹಸಿರು ಬಿದ್ದರೂ ಗಾಡಿ ಎತ್ತಲಿಲ್ಲ, ಹಿಂದಿನವರು ಹಾರ್ನ್ ಹೊಡೆಯತೊಡಗಿದರು. “ಅಮ್ಮ ನಮಗೆ ಸುಳ್ಳು ಹೇಳ್ತಿದ್ಲೇನಪ್ಪ?” ಎಂದಳು.

ನೋಡು, ನಿನ್ನ ಚಪ್ಪಾಳೆ ನಮ್ಮ ಮನೆಗೆ ತಂದದ್ದು ಇದನ್ನು. ಅವಳಮ್ಮ ಹೋಗಿ ಎರಡು ವರ್ಷವೂ ತುಂಬಿಲ್ಲ. ಕಣ್ಣೀರು ಹಾಕುವ ಕಾಲ ಮುಗಿದು ನಾವಿಬ್ಬರೂ ಈಗೀಗ ಅವಳನ್ನು ನೆನೆದು ನಗುವುದಕ್ಕೆ ಶುರುಮಾಡಿದ್ದೆವು. ಹೋದವಳು ಎದ್ದು ಬಂದು ‘ಇಲ್ಲ ಕಣೇ, ಆದದ್ದು ಹೀಗೆ’ ಎನ್ನುವ ಹಾಗಿಲ್ಲ. ಇದ್ದಿದ್ದರೆ ಆ ಹಾಲಿನಲ್ಲೇ ಎದ್ದು ನಿಂತು “ಲೋ ಉದ್ದ, ಮೈಕ್ ಕೊಡೋ ಇಲ್ಲಿ” ಎನ್ನುತ್ತಿದ್ದಳು. ನೀನು ಕೊಟ್ಟೇ ತೀರುತ್ತಿದ್ದೆ. ಅವಳು ಇಲ್ಲವೆಂದೇ ಅಲ್ಲವೇ ನಿನಗೆ ಅಷ್ಟು ಧೈರ್ಯ ಬಂದದ್ದು? ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಒಳ್ಳೆಯ ಪದವಿದೆ, ಕೌ ಎಂದು ಶುರುವಾಗುತ್ತದೆ. ಕನ್ನಡದ್ದು ಬರೆಯಲು ಕೈ ಬರುತ್ತಿಲ್ಲ, ಎಷ್ಟಾದರೂ ಒಂದೇ ಬೆಂಚಿನವನು ನೀನು.

ಮೊನ್ನೆ ಮಗಳು ಫೋನ್ ಮಾಡಿ ಹೇಳಿದಳು: “ಈ ವರ್ಷ ಆ ಕಥೆ ಹೇಳಲ್ಲ ಅಪ್ಪ. ನಿಜವೋ ಸುಳ್ಳೋ ಗೊತ್ತಿಲ್ಲದ್ದನ್ನ ಮಕ್ಕಳಿಗೆ ಹೇಗೆ ಹೇಳ್ಲಿ?” ದನಿಯಲ್ಲಿ ಅಳು ಇರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನ ಮಾಡಲು ಬರುತ್ತಿತ್ತು. ಹಾಜರಿ ಪುಸ್ತಕದಿಂದ ಹೆಸರು ತೆಗೆದುಹಾಕುವ ಟೀಚರಿನ ದನಿ ಅದು. ಬರುವ ಸೋಮವಾರದ ಆಚೆಯ ಸೋಮವಾರ ಅವಳ ಶಾಲೆಯಲ್ಲಿ ಮೊದಲ ಪ್ರಾಕ್ಟಿಕಲ್. ಮಕ್ಕಳು ಬೆಂಚಿನ ಸುತ್ತ ನಿಲ್ಲುತ್ತಾರೆ. ಅವಳು ಬಾಯಿ ಮುಚ್ಚಿಕೊಂಡು ಲ್ಯಾಂಪ್ ಹಚ್ಚುತ್ತಾಳೆ. ಆ ಮೌನವನ್ನು ನೆನೆಸಿಕೊಂಡರೆ ನನಗೆ ಅನ್ನ ಇಳಿಯುತ್ತಿಲ್ಲ ಮಾರಾಯ.

ಆದ್ದರಿಂದ ನೀನು ಮಾಡಬೇಕಾದದ್ದು ಇಷ್ಟು. ಸಭೆ ಮತ್ತೆ ಕರೆಯುವುದು ಬೇಡ. ನಮ್ಮ ಗ್ರೂಪಿನಲ್ಲಿ ಹಾಕುವುದೂ ಬೇಡ, ರೇಡಿಯೋ ಅದಕ್ಕೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಾನೆ. ನಿನ್ನ ಮರ್ಯಾದೆ ನಿನ್ನ ಹತ್ತಿರವೇ ಇರಲಿ. ನನ್ನ ಮಗಳಿಗೆ ಒಂದು ಕಾಗದ ಬರೆ. ನಿನ್ನ ಕೈಯಲ್ಲೇ ಬರೆ, ಮೊಮ್ಮಕ್ಕಳ ಕೈಯಲ್ಲಿ ಟೈಪ್ ಮಾಡಿಸಬೇಡ. ‘ಸ್ಪಿರಿಟ್ ಸುರಿದವನು ನಾನು. ಉಳಿಸಿದವಳು ನಿನ್ನಮ್ಮ’ ಎಂದರೆ ಸಾಕು. ಸೇಫ್ಟಿಯ ಉಪದೇಶ ಸೇರಿಸಬೇಡ. ಅವಳ ವಿಳಾಸವನ್ನು ಲಕೋಟೆಯ ಹಿಂದೆ ಬರೆದಿದ್ದೇನೆ.

ಬರೆಯದಿದ್ದರೆ ನಿನಗೂ ನನಗೂ ಆಯಿತು. ಮುಂದಿನ ಸಭೆಯಲ್ಲಿ ನನ್ನ ಚೀಟಿ ಮೇಜಿನ ಮೇಲೇ ಬಿದ್ದಿರುತ್ತದೆ. ಅತ್ತಿಗೆಯವರಿಗೆ ಆಪರೇಷನ್ ಆದಮೇಲೆ ಕನ್ನಡಕ ಬೇಕಾದರೆ ಮಾತ್ರ ಅವಶ್ಯ ಕಳಿಸು, ಅವರ ಮೇಲೆ ನನಗೆ ಸಿಟ್ಟಿಲ್ಲ.

ಯುವರ್ಸ್ ಎಂದು ಬರೆದರೆ ‘ನಿನ್ನವನು’ ಎಂದಾಗುತ್ತದೆ. ಸದ್ಯಕ್ಕೆ ಯಾರವನೂ ಅಲ್ಲದ,

ಡಿಕ್ಷನರಿ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಡಿಸಿದ್ದೇನೆ. ಸಿಗ್ನಲ್ಲಿನಲ್ಲಿ ಮಗಳು ಇನ್ನೊಂದು ಪ್ರಶ್ನೆ ಕೇಳಿದ್ದಳು, ಅದನ್ನು ಮೇಲೆ ಬರೆಯಲಿಲ್ಲ. “ನೀನು ಕಣ್ಣಾರೆ ನೋಡಿದ್ದೀಯಲ್ಲ ಅಪ್ಪ?” ಎಂದಳು. ಹ್ಞೂಂ ಎಂದೆ. ಅವಳು ನಂಬಲಿಲ್ಲವೆಂದು ಕಾಣುತ್ತದೆ. ನಿನಗೆ ಗೊತ್ತಿದೆ, ಬೆಂಕಿ ಬಿದ್ದ ಆ ವಾರ ನನಗೆ ಮಂಗನಬಾವು. ಕೆನ್ನೆ ಊದಿಸಿಕೊಂಡು ಮನೆಯಲ್ಲಿ ಮಲಗಿದ್ದೆ. ಕಾಲೇಜಿಗೆ ಬರುವ ಹೊತ್ತಿಗೆ ಬೆಂಕಿ ಬಿದ್ದ ಸುದ್ದಿ ಹತ್ತು ಬಾಯಲ್ಲಿ ಹತ್ತು ಥರ ಆಗಿತ್ತು, ಪ್ರಿನ್ಸಿಪಾಲರಿಗೆ ಹೆದರಿ ನೀನೂ ಅವಳಮ್ಮನೂ ತುಟಿ ಬಿಚ್ಚಿರಲಿಲ್ಲ. ಅವಳು ನನಗೆ ಹೇಳಿದ್ದು ಮದುವೆಯಾದ ಮೇಲೆ. ಉಳಿದವರೆಲ್ಲ ಬಾಗಿಲಿಗೆ ಓಡಿದ್ದವರು. ಅಲ್ಲಿ ಇದ್ದವರು ನೀವಿಬ್ಬರೇ, ಈಗ ನೀನೊಬ್ಬನೇ. ಅವಳು ಹೇಳಿದ್ದು ನಿಜವಾಗಿದ್ದರೆ ಮಗಳಿಗೆ ಬರೆ. ಆಗಿರದಿದ್ದರೂ ಮಗಳಿಗೆ ಹಾಗೆಯೇ ಬರೆ. ನನಗೆ ಮಾತ್ರ ಏನನ್ನೂ ಬರೆಯಬೇಡ.