ಬೆಳಗಿನ ಬಸ್ಸಿನ ಒಬ್ಬಳೇ ಹೆಂಗಸು

ಬಸ್ಸು ಬಿಡಲಿಕ್ಕೂ ನಿಲ್ಲಿಸಲಿಕ್ಕೂ ಅಧಿಕಾರ ಇರುವ ಮಾನ್ಯರೇ,

ಕಾರ್ಕಳದಿಂದ ಹೊರಟು ಬೆಳ್ಮಣ್, ಶಿರ್ವ, ಶಂಕರಪುರದ ಮೇಲೆ ಉಡುಪಿಗೆ ಹೋಗುತ್ತಿದ್ದ ಬೆಳಗಿನ ಸರ್ಕಾರಿ ಬಸ್ಸನ್ನು ನೀವು ನಿಲ್ಲಿಸಿದ್ದೀರಿ. ಮಳೆ ಶುರುವಾಗುವ ಮೊದಲು ನಿಲ್ಲಿಸಿದ್ದು, ಈಗ ಮಳೆ ಮುಗಿಯುತ್ತಾ ಬಂತು. ಯಾಕೆಂದು ಕೇಳಲು ಕಾಪುವಿನಲ್ಲಿ ನಡೆದ ಜನಸ್ಪಂದನ ಸಭೆಗೆ ಹೋಗಿದ್ದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೂತು ಸೊಂಟ ಹಿಡಿದ ಮೇಲೆ ನನ್ನ ಸರದಿ ಬಂತು. ನಿಮ್ಮ ಕಚೇರಿಯ ಸಾಹೇಬರು ಮೊಬೈಲಿನಿಂದ ತಲೆ ಎತ್ತದೆ ಹೇಳಿದರು: "ಅಮ್ಮ, ಆ ಬಸ್ಸಿಗೆ ಜನ ಇಲ್ಲ. ಟಿಕೆಟ್ ಮೆಷಿನಿನ ಲೆಕ್ಕ ನನ್ನ ಹತ್ತಿರ ಉಂಟು. ಗಂಡಸರು ನಾಲ್ಕೈದು ಜನ. ಹೆಂಗಸರು ದಿನಕ್ಕೆ ಒಬ್ಬರೇ."

"ಒಬ್ಬಳೇ ಅಂತಾದರೆ ನಾನು ಸೀಟು ಸಿಗದೆ ಕಂಬ ಹಿಡಿದು ನಿಂತು ಬಂದದ್ದು ಯಾರ ಬಸ್ಸಿನಲ್ಲಿ?" ಎಂದು ಕೇಳಿದೆ. ಅವರು ನಕ್ಕು ಮುಂದಿನವರನ್ನು ಕರೆದರು. ಆ ನಗು ನನಗೆ ಇನ್ನೂ ಇಳಿದಿಲ್ಲ. ಅದಕ್ಕೇ ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಯವಾಗಿ ಬರೆಯಲು ಬರುವುದಿಲ್ಲ, ಬಂದರೂ ಈಗ ಬರೆಯುವ ಮನಸ್ಸಿಲ್ಲ.

ಮಾನ್ಯರೇ, ನೀವು ಯಾವ ಊರಿನಿಂದ ವರ್ಗವಾಗಿ ಬಂದವರೋ ನನಗೆ ತಿಳಿಯದು. ನಮ್ಮ ಊರಿನ ಬಸ್ಸಿನ ಕಥೆಯನ್ನು ನಿಮಗೆ ಯಾರೂ ಹೇಳಿದ ಹಾಗಿಲ್ಲ. ಇಲ್ಲಿ ಬಸ್ಸು ಓಡಿಸಿದ್ದು ಖಾಸಗಿಯವರು. ನನ್ನ ಅಪ್ಪ ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು ಹತ್ತಿದವರು. ಏರು ಬಂದಾಗ ಗಂಡಸರೆಲ್ಲ ಇಳಿದು ದೂಡುತ್ತಿದ್ದರಂತೆ. ಹೊಳೆಗಳಿಗೆ ಸೇತುವೆ ಇಲ್ಲದ ಕಾಲದಲ್ಲಿ ಈಚೆಯ ದಡಕ್ಕೆ ಒಂದು ಬಸ್ಸು, ಆಚೆಯ ದಡದಿಂದ ಇನ್ನೊಂದು. ಸರ್ಕಾರಿ ಬಸ್ಸು ಎಂದರೆ ನಮಗೆ ಘಟ್ಟದ ಮೇಲಿನ ವಸ್ತು. ರಾತ್ರಿ ಬೆಂಗಳೂರಿಗೆ ಹೋಗುವವರು ಹತ್ತುವುದು ಅದು. ನಮ್ಮ ಬಸ್ಸುಗಳಿಗೆ ನಂಬರ್ ಇರಲಿಲ್ಲ, ಹೆಸರು ಇತ್ತು. ಈಗಲೂ ಹಾಗೆಯೇ. ಕಂಡಕ್ಟರಿಗೆ ಯಾರ ಮಗಳಿಗೆ ಎಲ್ಲಿ ಮದುವೆಯಾಗಿದೆ ಎನ್ನುವುದೂ ಗೊತ್ತು. ಮದ್ದು, ಮೀನು, ಮರೆತ ಕೊಡೆ, ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ, ಎಲ್ಲವನ್ನೂ ಅವನ ಕೈಯಲ್ಲಿ ಕೊಟ್ಟರೆ ಸೇರಬೇಕಾದಲ್ಲಿ ಸೇರುತ್ತದೆ.

ಅವರನ್ನು ಹೊಗಳಲು ನಾನು ಕೂತಿಲ್ಲ. ಮುಂದಿನ ಬಸ್ಸನ್ನು ಹಿಂದಿಕ್ಕುವ ಆತುರದಲ್ಲಿ ಅವರು ಮುದುಕಿಯರ ಒಂದು ಕಾಲು ಮೆಟ್ಟಿಲಿನಲ್ಲಿ, ಇನ್ನೊಂದು ರಸ್ತೆಯಲ್ಲಿ ಇರುವಾಗಲೇ ಬಸ್ಸು ಹೊರಡಿಸುತ್ತಾರೆ. ಆದಿತ್ಯವಾರ ಹೇಳದೆ ಕೇಳದೆ ಟ್ರಿಪ್ ಕಟ್ ಮಾಡುತ್ತಾರೆ. ಆದರೆ ಒಂದು ಮರ್ಯಾದೆ ನಮ್ಮ ನಡುವೆ ಉಂಟು. ಪರಿಚಯದ ಕಂಡಕ್ಟರಿಗೆ ದುಡ್ಡು ಕೊಟ್ಟ ಮೇಲೆ ನಾವು ಟಿಕೆಟ್ ಕೇಳುವುದಿಲ್ಲ. ಕೇಳಿದರೆ ಅವನ ಮುಖ ಸಣ್ಣದಾಗುತ್ತದೆ, ನಂಬಿಕೆ ಇಲ್ವಾ ಎನ್ನುವ ಹಾಗೆ. ಅವನು ಕೊಡಲು ಬಂದರೂ ನಾವೇ "ಬೇಡ, ಇರಲಿ" ಎಂದು ಕೈ ಅಡ್ಡ ಹಿಡಿಯುತ್ತೇವೆ. ನನ್ನ ತಾಯಿ ಹಾಗೆ ಮಾಡಿದರು, ನಾನು ಹಾಗೆ ಮಾಡಿದೆ. ನಮ್ಮಲ್ಲಿ ಅದು ಟಿಕೆಟಿನ ವಿಷಯ ಅಲ್ಲ, ಸಜ್ಜನಿಕೆಯ ವಿಷಯ.

ಹೆಂಗಸರಿಗೆ ಬಸ್ಸು ಉಚಿತ ಎಂದು ಸರ್ಕಾರ ಹೇಳಿದಾಗ ಆ ಉಚಿತವನ್ನು ನಾವು ಟಿವಿಯಲ್ಲಿ ನೋಡಿದೆವು. ಸರ್ಕಾರಿ ಬಸ್ಸು ಇದ್ದರಲ್ಲವೇ ಉಚಿತ? ಕೊರೋನಾ ಕಾಲದಲ್ಲಿ ನಿಂತ ಬಸ್ಸುಗಳಲ್ಲಿ ಎಷ್ಟೋ ಮತ್ತೆ ಮುಖ ತೋರಿಸಿರಲಿಲ್ಲ. ಅರ್ಜಿ ಕೊಟ್ಟು, ಪಂಚಾಯತಿನವರನ್ನು ಕಾಡಿಸಿ, ಕೊನೆಗೆ ನಮ್ಮ ದಾರಿಗೆ ಈ ಒಂದು ಬಸ್ಸು ಬಂತು. ಅದು ಬಂದ ಮೇಲೆ ಅದೇ ಹೊತ್ತಿಗೆ ಓಡುತ್ತಿದ್ದ ಖಾಸಗಿಯವರು ತಮ್ಮ ಟ್ರಿಪ್ಪನ್ನು ಬೇರೆ ಹೊತ್ತಿಗೆ ದೂಡಿಕೊಂಡರು. ಅವರ ತಪ್ಪಲ್ಲ, ಖಾಲಿ ಓಡಿಸಲು ಅವರಿಗೆ ಹುಚ್ಚಾ?

ಬಸ್ಸಿನ ಜೊತೆ ಬಂದ ಕಂಡಕ್ಟರ್ ಸಂಗಮೇಶ, ಬಾಗಲಕೋಟೆ ಕಡೆಯ ಹುಡುಗ, ನಾಚಿಕೆಯ ಪ್ರಾಣಿ. ಬೆಳ್ಮಣ್ಣಿನಲ್ಲಿರುವ ತಂಗಿ ಕ್ಲಾರಾಳ ಮನೆಯಲ್ಲಿ ಉಳಿದು ಬರುವ ದಿನ ನನಗೂ ಅದೇ ಬಸ್ಸು. ಅವನು ಮೆಷಿನ್ ಹಿಡಿದು ಬಂದ.

"ಅವ್ವಾ, ಟಿಕೆಟ್ ತಗೋರಿ. ರೊಕ್ಕ ಏನೂ ಇಲ್ಲ, ಸೊನ್ನೆ ಟಿಕೆಟ್."

"ದುಡ್ಡೇ ಇಲ್ಲದ್ದಕ್ಕೆ ಟಿಕೆಟ್ ಎಂತಕ್ಕೆ ಮಾರಾಯ? ಕಾಗದ ದಂಡ."

"ಹಂಗಲ್ರಿ ಅವ್ವಾ, ಲೆಕ್ಕಕ್ಕ ಬೇಕ್ರಿ."

"ಲೆಕ್ಕ ನೀನು ಇಟ್ಟುಕೋ. ನಾವು ನಿನ್ನನ್ನು ನಂಬುತ್ತೇವೆ, ಅಲ್ವಾ?" ಎಂದೆ. ಹಿಂದಿನ ಸೀಟಿನವರೆಲ್ಲ ನಕ್ಕರು. ಮಣಿಪಾಲದ ಹಾಸ್ಟೆಲುಗಳಿಗೆ ಅಡುಗೆ ಕೆಲಸಕ್ಕೆ ಹೋಗುವವರು, ಆಸ್ಪತ್ರೆಯಲ್ಲಿ ನೆಲ ಒರೆಸುವವರು, ಉಡುಪಿಯ ಬಟ್ಟೆ ಅಂಗಡಿಯವರು, ಎಲ್ಲರೂ ಕೈ ಅಡ್ಡ ಹಿಡಿದರು. ಸ್ವಲ್ಪ ದಿನ ಅವನು ಬೇಡಿಕೊಂಡ. ಮತ್ತೆ ಸುಮ್ಮನಾದ. ಹೆಂಗಸರ ಬಾಯಿಯ ಮುಂದೆ ಅವನದೇನು ನಡೆಯುತ್ತದೆ? ಅವನಿಗೆ ಉಪಕಾರ ಮಾಡಿದೆವು ಎಂದೇ ನಾವು ತಿಳಿದದ್ದು. ಹಾಗೆ ನಾವು ಪ್ರತಿದಿನ ಬಸ್ಸು ತುಂಬಿದೆವು, ನಿಮ್ಮ ಮೆಷಿನಿನಲ್ಲಿ ಬಸ್ಸು ಪ್ರತಿದಿನ ಖಾಲಿ ಓಡಿತು. ಅವನು ಈಗ ಎಲ್ಲಿಗೋ ವರ್ಗವಾಗಿದ್ದಾನೆ. ಬೈಯುವುದಿದ್ದರೆ ನಮ್ಮನ್ನು ಬೈಯಿರಿ, ಅವನನ್ನು ಬಿಡಿ.

ಆದರೆ ನನ್ನದೊಂದು ಪ್ರಶ್ನೆ. ಬಸ್ಸು ನಿಲ್ಲಿಸುವ ಮೊದಲು ನಿಮ್ಮವರು ಒಬ್ಬರಾದರೂ ಒಂದು ಬೆಳಿಗ್ಗೆ ಆ ಬಸ್ಸಿನ ಕಿಟಕಿಯ ಒಳಗೆ ಇಣುಕಿದ್ದಾರಾ? ಜನ ಇದ್ದಾರಾ ಎಂದು ಮೆಷಿನನ್ನು ಕೇಳಿದಿರಿ, ಡ್ರೈವರನ್ನು ಕೇಳಲಿಲ್ಲ. ಶಿರ್ವದ ಸ್ಟಾಪಿನ ಎದುರಿನ ಹೋಟೆಲಿನವರನ್ನು ಕೇಳಲಿಲ್ಲ. ಟಿಕೆಟ್ ಇಲ್ಲದ ಮನುಷ್ಯರಿಗೆ ನಿಮ್ಮ ಕಚೇರಿಯಲ್ಲಿ ದೇಹವೂ ಇಲ್ಲವೋ?

ಸಭೆಯಿಂದ ಬಂದು ಇದನ್ನೆಲ್ಲ ರಾಚವ್ವನಿಗೆ ಹೇಳಿದೆ. ರಾಚವ್ವ ನಮ್ಮ ಮನೆಗೆ ಮಲ್ಲಿಗೆ ಕಟ್ಟಲು ಬರುವವಳು, ನನ್ನನ್ನು ಬಾಯಮ್ಮ ಎಂದು ಕರೆಯುವವಳು. ಊರು ಕೊಪ್ಪಳದ ಹತ್ತಿರ. ಗಂಡ ಹನುಮಪ್ಪನಿಗೆ ಬೆಳ್ಮಣ್ಣಿನಲ್ಲಿ ಕಟ್ಟಡದ ಕೆಲಸ, ಅಲ್ಲಿಯೇ ಬಿಡಾರ. ನನ್ನ ಬೆರಳುಗಳು ಈಗ ಮಡಚುವುದಿಲ್ಲ. ಮೊಗ್ಗನ್ನು ನನ್ನ ಗಂಡ ಡೊಮಿನಿಕ್ ನಸುಕಿಗೇ ಕೊಯ್ದು ಕೊಡುತ್ತಾರೆ, ಕಟ್ಟುವ ಕೈ ಅವಳದು. ಬಾಳೆನಾರಿನಲ್ಲಿ ಹೇಗೆ ಕಟ್ಟಬೇಕೆಂದು ನಾನೇ ಕಲಿಸಿದ್ದು. ಊರಿನ ಹೆಂಗಸರನ್ನು ಕರೆಯಬಾರದೇ ಎನ್ನಬೇಡಿ. ಆ ಹೊತ್ತಿಗೆ ಇಲ್ಲಿ ಪ್ರತಿಯೊಬ್ಬಳ ಮಡಿಲಲ್ಲೂ ಅವಳದೇ ಹೂವು ಇರುತ್ತದೆ. ಮೊಗ್ಗು ಯಾರನ್ನೂ ಕಾಯುವುದಿಲ್ಲ. ಅರಳಿತೋ, ಹೂವು ಮಾರುವ ಕಟ್ಟೆಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ.

ರಾಚವ್ವ ನಾರನ್ನು ಕೆಳಗಿಟ್ಟು ಕೇಳಿಸಿಕೊಂಡಳು. ಮತ್ತೆ ಮೆಲ್ಲಗೆ ಹೇಳಿದಳು: "ಆ ಒಬ್ಬಾಕಿ ನಾನ ಇರಬೇಕ್ರಿ ಬಾಯಮ್ಮ."

"ನೀನು ಟಿಕೆಟ್ ತಗೊಳ್ಳುತ್ತಿದ್ದೆಯಾ?"

"ದಿನಾ ತಗೋತಿದ್ದೆ. ನಮ್ಮ ಕಡಿ ಟಿಕೆಟ್ ಇಲ್ದ ಕುಂತ್ರ ಇಳಿಸಿಬಿಡ್ತಾರ್ರಿ. ನೀವೆಲ್ಲ ನಗತಿದ್ರಿ, ನಾ ಸೆರಗಿನಾಗ ಕಟ್ಕೋತಿದ್ದೆ."

ನಕ್ಕದ್ದು ನಿಜ. ಸೊನ್ನೆ ರೂಪಾಯಿಯ ಕಾಗದವನ್ನು ಸೆರಗಿಗೆ ಗಂಟು ಹಾಕುವುದನ್ನು ನೋಡಿ "ಚಿನ್ನ ಉಂಟಾ ಅದರಲ್ಲಿ?" ಎಂದು ಕೇಳಿದವಳು ನಾನೇ.

ಈಗ ಅವಳು ಬೆಳ್ಮಣ್ಣಿನಿಂದ ಒಂದು ಬಸ್ಸು, ಶಿರ್ವದಿಂದ ಇನ್ನೊಂದು ಹತ್ತಿ ಬರಬೇಕು. ದುಡಿದದ್ದರಲ್ಲಿ ದೊಡ್ಡ ಪಾಲು ಬಸ್ಸಿಗೇ. ಎಷ್ಟು ಬೇಗ ಹೊರಟರೂ ಇಲ್ಲಿಗೆ ಮುಟ್ಟುವಾಗ ತಡ. ಮೊನ್ನೆ ಅವಳು ಅಂಗಳಕ್ಕೆ ಕಾಲಿಡುವಾಗ ತಟ್ಟೆಯ ಮೊಗ್ಗು ಬಾಯಿ ಬಿಡುತ್ತಿತ್ತು. ಕಟ್ಟಿದಷ್ಟು ಕಟ್ಟಿದಳು, ಉಳಿದದ್ದನ್ನು ಡೊಮಿನಿಕ್ ತೆಂಗಿನ ಬುಡಕ್ಕೆ ಹಾಕಿದರು. "ಈ ತಿಂಗಳ ಮುಗಿದ ಮ್ಯಾಲೆ ನಾ ಬರಂಗಿಲ್ರಿ ಬಾಯಮ್ಮ, ಹೊಂದಂಗಿಲ್ಲ" ಎಂದಿದ್ದಾಳೆ. ಅವಳು ಬಾರದಿದ್ದರೆ ನಮ್ಮ ಮಲ್ಲಿಗೆ ಗಿಡದಲ್ಲೇ ಅರಳಿ ಹಾಳಾಗುತ್ತದೆ, ನಮ್ಮ ನಷ್ಟ ಅಷ್ಟೇ. ಅವಳ ಮನೆಯ ಒಲೆಯ ವಿಷಯ ನಾನು ಹೇಳಬೇಕಾಗಿಲ್ಲ.

ಮಾನ್ಯರೇ, ನಾವು ಟಿಕೆಟ್ ತೆಗೆದುಕೊಳ್ಳಲಿಲ್ಲ, ಆದುದರಿಂದ ನಾವು ಇರಲಿಲ್ಲ. ಆಯಿತು, ಒಪ್ಪಿದೆ. ಆದರೆ ರಾಚವ್ವ ಇದ್ದಳಲ್ಲ? ನಿಮ್ಮ ಮೆಷಿನೇ ಹೇಳುತ್ತದಲ್ಲ? ನೀವು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದವಳು ಆ ಬಸ್ಸಿನಲ್ಲಿ ಅವಳೊಬ್ಬಳೇ. ಬಸ್ಸು ನಿಂತದ್ದರಿಂದ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳೂ ಅವಳೇ.

ಈ ತಿಂಗಳು ಮುಗಿಯುವ ಮೊದಲು ಆ ಬಸ್ಸು ಹಳೆಯ ಹೊತ್ತಿಗೇ ಬೆಳ್ಮಣ್ಣಿನಲ್ಲಿ ನಿಲ್ಲಬೇಕು. ಜನ ಇಲ್ಲ ಎಂದು ಇನ್ನೂ ಅನ್ನಿಸಿದರೆ ಆ ಒಬ್ಬಳಿಗಾಗಿಯೇ ಬಿಡಿ. ನಾವು ಅವಳ ಸುತ್ತ ಕೂರುತ್ತೇವೆ. ಈ ಸಲ ಟಿಕೆಟ್ ಕೇಳಿ ತೆಗೆದುಕೊಳ್ಳುತ್ತೇವೆ, ಸೆರಗಿಗೆ ಕಟ್ಟಿಕೊಳ್ಳುತ್ತೇವೆ. ಹೇಗೆ ಕಟ್ಟುವುದೆಂದು ಅವಳೇ ಕಲಿಸಲಿ.

ಇಂತಿ,
ನಿಮ್ಮ ಲೆಕ್ಕದಲ್ಲಿ ಒಂದು ದಿನವೂ ಬಸ್ಸು ಹತ್ತದ
ಬರ್ತಾ ಬಾಯಿ, ಶಂಕರಪುರ