ಆರುನೂರ ನಲವತ್ತನೇ ಕಲ್ಲಿನಾಚೆ

ಹೆದ್ದಾರಿ ಶುರುವಾಗುವ ಊರಿನ ಹಳೇ ಮನೆಯಿಂದ,
ಮಾರ್ಚ್ ಹದಿನಾಲ್ಕು, ಶನಿವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಪ್ಪ ಮಾಡುವ ಆಶೀರ್ವಾದಗಳು. ನೀನು, ಮಗು, ಅಳಿಯಂದಿರು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಒಂಬತ್ತು ವರ್ಷದ ಮೇಲೆ ಬಂದ ಕಾಗದ, ಅದರಲ್ಲಿ ‘ಅಳಿಯಂದಿರು’ ಅನ್ನುವ ಮಾತು ಬೇರೆ. ಓದಿ ನಗುತ್ತೀಯೋ, ಹರಿದು ಒಲೆಗೆ ಹಾಕುತ್ತೀಯೋ ಗೊತ್ತಿಲ್ಲ. ಹಾಕುವುದಾದರೆ ಪೂರ್ತಿ ಓದಿ ಹಾಕು. ನನ್ನ ಆರೋಗ್ಯಕ್ಕೆ ಅಂಥ ಕೊರತೆಯೇನಿಲ್ಲ. ಮೂವತ್ತಾರು ವರ್ಷ ಜೀಪಿನಲ್ಲಿ ಕುಲುಕಿದ ಸೊಂಟ, ಈಗ ಕುಲುಕಾಟ ನಿಂತಿದ್ದಕ್ಕೇ ಮುನಿಸಿಕೊಂಡು ನೋಯುತ್ತಿದೆ. ಹೋದ ತಿಂಗಳ ಕೊನೆಗೆ ರಿಟೈರ್ ಆದೆ. ಆಫೀಸಿನವರು ಒಂದು ಗೋಡೆ ಗಡಿಯಾರ ಕೊಟ್ಟು, ಬದುಕಿದ್ದಾಗ ಆಡದ ಒಳ್ಳೆಯ ಮಾತುಗಳನ್ನೆಲ್ಲ ಸತ್ತವರ ಮುಂದೆ ಆಡುವಂತೆ ಆಡಿ ಕಳಿಸಿಕೊಟ್ಟರು.

ಬೇರೆ ಮನೆಗಳಲ್ಲಿ ನೆಂಟರ ಸಮಾಚಾರ ಹೇಳಿದ ಹಾಗೆ ನಮ್ಮ ಮನೆಯಲ್ಲಿ ರಸ್ತೆಯದು. ಅದನ್ನು ಮೊದಲು ಹೇಳಿಬಿಡುತ್ತೇನೆ. ಬಂದರಿನ ಗೇಟಿನಿಂದ ತೊಂಬತ್ತನೇ ಕಿಲೋಮೀಟರಿನವರೆಗೆ ಈಗ ನಾಲ್ಕು ಸಾಲಿನ ರಸ್ತೆ, ಮಧ್ಯೆ ಹೂವಿನ ಗಿಡ. ನೀನು ನೋಡಿದರೆ ನಂಬುವುದಿಲ್ಲ. ಅಲ್ಲಿಂದ ಗಿರಣಿಗಳ ಊರು ದಾಟುವವರೆಗೆ ಪರವಾಗಿಲ್ಲ. ಉದ್ದನೆಯ ಸೇತುವೆಯ ಕೀಲುಗಳು ಈಗಲೂ ಸಡಿಲ, ಮೇಲೆ ಹೋದರೆ ಟಕಟಕ ಎನ್ನುತ್ತವೆ. ಸೇತುವೆಯಾಚೆಯ ಬಯಲಿನಲ್ಲಿ ರಸ್ತೆ ಮುನ್ನೂರು ಕಿಲೋಮೀಟರು ನೆಟ್ಟಗೆ ಮಲಗಿದೆ. ಡ್ರೈವರುಗಳು ಅಲ್ಲೇ ತೂಕಡಿಸುವುದು. ಮುಂದೆ ಬೆಟ್ಟದ ತಿರುವುಗಳು, ಒಂದು ತಿರುವಿನಲ್ಲಿ ತಡೆಗೋಡೆ ಇದ್ದರೆ ಇನ್ನೊಂದರಲ್ಲಿ ಇಲ್ಲ. ಆಮೇಲೆ ಆರುನೂರ ನಲವತ್ತನೇ ಕಲ್ಲು. ಗಡಿ ಮುಟ್ಟುವುದಕ್ಕೆ ಅಲ್ಲಿಂದಾಚೆಗೂ ಎಂಟುನೂರು ಚಿಲ್ಲರೆ ಕಿಲೋಮೀಟರು ಇದೆ, ಆದರೆ ಅದರ ಸ್ಥಿತಿ ನಾನು ಕಣ್ಣಾರೆ ಕಂಡವನಲ್ಲ.

ನಿನ್ನ ಅಮ್ಮ ಹೋದ ಮೇಲೆ ನಿನ್ನನ್ನು ಯಾರ ಕೈಗೆ ಒಪ್ಪಿಸುವುದೆಂದು ತಿಳಿಯದೆ ಜೀಪಿನಲ್ಲೇ ಕೂರಿಸಿಕೊಂಡು ಸರ್ವೆಗೆ ಹೋಗುತ್ತಿದ್ದೆ. ನಿನಗಾಗ ಹತ್ತೋ ಹನ್ನೊಂದೋ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಉತ್ತಮ, ಸಾಧಾರಣ, ಕಳಪೆ ಎಂದು ಕೂಗುವುದು, ನೀನು ತೊಡೆಯ ಮೇಲಿನ ದಪ್ಪ ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು. ಷರಾ ಕಾಲಮಿನಲ್ಲಿ ನೀನು ‘ಅಪ್ಪ ನಾಲಿಗೆ ಕಚ್ಚಿಕೊಂಡರು’ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ದೊಡ್ಡ ಇಂಜಿನಿಯರು ನನ್ನನ್ನು ಕರೆಸಿ, “ಎಷ್ಟನೇ ಕಿಲೋಮೀಟರಲ್ರೀ ಕಚ್ಕೊಂಡಿದ್ದು?” ಎಂದು ಕೇಳಿದ್ದರು. ಆ ವರ್ಷ ರಿಪೇರಿಯಾದ ಮೊದಲ ಜಾಗ ಅದೇ. ಕುಲುಕುವ ಜೀಪಿನಲ್ಲಿ ಬರೆದೂ ಬರೆದೂ ನಿನ್ನ ಸಾಲುಗಳು ಕೊನೆಗೆ ಬರುವಾಗ ಮೇಲಕ್ಕೆ ಹತ್ತುತ್ತಿದ್ದವು. ಶಾಲೆಯಲ್ಲಿ ಅದಕ್ಕಾಗಿ ಬೈಸಿಕೊಂಡರೂ ಅಭ್ಯಾಸ ಬಿಡಲಿಲ್ಲ.

ಅಳಿಯಂದಿರ ವಿಷಯಕ್ಕೆ ಬರುತ್ತೇನೆ, ಬರದೆ ವಿಧಿಯಿಲ್ಲ. “ಪಂಚರ್ ಹಾಕುವವನಿಗೆ ಕೊಡೋಕೆ ನಿನ್ನನ್ನ ಸಾಕಲಿಲ್ಲ, ಆ ಕಡೆ ಹೋದ್ರೆ ಈ ಕಡೆ ತಿರುಗಿ ನೋಡ್ಬೇಡ” ಎಂದು, ನೀನು ಮದುವೆಯ ಮಾತೆತ್ತಿದ ದಿನ ಅಂದುಬಿಟ್ಟೆ. ನೀನು ನನ್ನ ಮಗಳಲ್ಲವೇ, ತಿರುಗಿ ನೋಡಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ನೀವು ಆರುನೂರ ಎಂಬತ್ತಮೂರನೇ ಕಿಲೋಮೀಟರಿನಲ್ಲಿ ಅಂಗಡಿ ಹಾಕಿದ್ದೀರೆಂದು ಆರು ತಿಂಗಳಲ್ಲೇ ತಿಳಿಯಿತು. ವರ್ಷಕ್ಕೆರಡು ಸಲ ಸರ್ವೆಗೆಂದು ಆರುನೂರ ನಲವತ್ತಕ್ಕೆ ಬರುತ್ತಿದ್ದೆ. ಅಲ್ಲಿಗೆ ನಮ್ಮ ಕಚೇರಿಯ ವ್ಯಾಪ್ತಿ ಮುಗಿಯುತ್ತದೆ. ಕಲ್ಲಿನ ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿದು, ನಿಮ್ಮ ಕಡೆಯಿಂದ ಬಂದ ಲಾರಿಯವರನ್ನು ನಿಲ್ಲಿಸಿ, ಮುಂದೆ ರಸ್ತೆ ಹೇಗಿದೆಯಪ್ಪಾ ಎಂದು ವಿಚಾರಿಸುತ್ತಿದ್ದೆ. ರಸ್ತೆ ಹೇಗಿದ್ದರೆ ನನಗೇನಾಗಬೇಕಿತ್ತು! ಒಬ್ಬ ಹೇಳಿದ್ದ: “ಎಂಬತ್ಮೂರರಲ್ಲಿ ಒಂದು ಟೈರ್ ಅಂಗಡಿ ಇದೆ ಸಾರ್. ಯಜಮಾನಿ ಬಾಯಿ ಜೋರು, ಆದ್ರೆ ಕೆಲಸ ಅಚ್ಚುಕಟ್ಟು.” ಆ ದಿನ ಅವನಿಗೆ ಎರಡು ಚಹಾ ಕುಡಿಸಿದೆ. ಕುಡಿಸಿ, ಜೀಪು ತಿರುಗಿಸಿಕೊಂಡು ಬಂದೆ. ನಲವತ್ತಮೂರು ಕಿಲೋಮೀಟರು, ಮಗಳೇ. ಒಂದು ಗಂಟೆಯ ದಾರಿ. ಹದಿನೇಳು ಸಲ ಹಾಗೆ ತಿರುಗಿ ಬಂದಿದ್ದೇನೆ.

ಮೂರು ವರ್ಷದ ಹಿಂದೆ ನನ್ನ ಮೇಜಿಗೆ ಒಂದು ಅರ್ಜಿ ಬಂತು. ‘ಮಾನ್ಯರೇ, ನಮ್ಮ ಅಂಗಡಿಯ ಮುಂದೆ ಹೆದ್ದಾರಿಯಲ್ಲಿ ದೊಡ್ಡ ಗುಂಡಿ ಬಿದ್ದು ನೀರು ನಿಂತಿದೆ. ಅದರಲ್ಲಿ ಬಿದ್ದು ನನ್ನ ಐದು ವರ್ಷದ ಮಗಳು ಕೈ ಮುರಿದುಕೊಂಡಿದ್ದಾಳೆ. ದಯವಿಟ್ಟು ತಾವು ಖುದ್ದಾಗಿ ಬಂದು ನೋಡಬೇಕು.’ ಮೇಲಕ್ಕೆ ಹತ್ತುವ ಸಾಲುಗಳು. ಹೆಸರು ನೋಡುವ ಮೊದಲೇ ನಿನ್ನ ಅಕ್ಷರದ ಗುರುತು ಹಿಡಿದೆ. ನನಗೊಬ್ಬಳು ಮೊಮ್ಮಗಳಿದ್ದಾಳೆಂದು ತಿಳಿದದ್ದೇ ಆ ಅರ್ಜಿಯಿಂದ. ಅರ್ಧ ಗಂಟೆ ಅದನ್ನು ಕೈಯಲ್ಲಿ ಹಿಡಿದು ಕೂತೆ. ಆಮೇಲೆ ನಾನು ಮಾಡಿದ್ದೇನು? ಡ್ರಾಯರಿನಿಂದ ಅಚ್ಚು ಮಾಡಿಸಿದ ಚೀಟಿ ತೆಗೆದು, ‘ಸದರಿ ಸ್ಥಳವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬುದರ ಕೆಳಗೆ ಸಹಿ ಹಾಕಿ, ಮೊಹರು ಒತ್ತಿ ವಾಪಸು ಕಳಿಸಿದೆ. ಸಾಲದ್ದಕ್ಕೆ, ಇಷ್ಟು ವರ್ಷ ನನ್ನ ಜೊತೆ ಸುತ್ತಿದವಳಿಗೆ ಯಾವ ಕಚೇರಿಗೆ ಬರೆಯಬೇಕೆಂದೂ ತಿಳಿಯಲಿಲ್ಲವಲ್ಲ ಎಂದು ಒಳಗೊಳಗೇ ಬಿಂಕಪಟ್ಟುಕೊಂಡೆ. ಪಕ್ಕದ ಕಚೇರಿಗೆ ಒಂದು ಫೋನ್ ಮಾಡಿದ್ದರೆ ಅದೇ ದಿನ ಒಂದು ಗಾಡಿ ಜಲ್ಲಿ ಬಂದು ಬೀಳುತ್ತಿತ್ತು. ಅದನ್ನೂ ಮಾಡಲಿಲ್ಲ.

ರಿಟೈರ್ ಆಗುವ ಹಿಂದಿನ ದಿನ ಕಪಾಟು ಖಾಲಿ ಮಾಡುವಾಗ ನೀನು ಬರೆದ ಹಳೆಯ ರಿಜಿಸ್ಟರು ಸಿಕ್ಕಿತು. ಪುಟ ಮಗುಚುತ್ತಾ ಹೋದೆ. ಆರುನೂರ ನಲವತ್ತರ ಕೆಳಗೆ ನೀನು ಸ್ಕೇಲ್ ಇಟ್ಟು ಕೆಂಪು ಗೆರೆ ಎಳೆದು, ‘ಅಪ್ಪನ ರಸ್ತೆ ಇಲ್ಲಿಗೆ ಮುಗಿಯಿತು, ಮುಂದಿನದು ಬೇರೆಯವರದು’ ಎಂದು ಬರೆದಿದ್ದೆ. ಹನ್ನೊಂದು ವರ್ಷಕ್ಕೇ ಗೊತ್ತಿದ್ದದ್ದು ಮೂವತ್ತಕ್ಕೆ ಮರೆತುಹೋಗುತ್ತದೆಯೇ? ನೀನು ವಿಳಾಸ ತಪ್ಪಿರಲಿಲ್ಲ. ಆ ಅರ್ಜಿಯನ್ನು ಬರೆದದ್ದು ಕಚೇರಿಗಲ್ಲ, ನನಗೆ. ಖುದ್ದಾಗಿ ಬಂದು ನೋಡಿ ಎಂದದ್ದು ಗುಂಡಿಯನ್ನಲ್ಲ. ಅಪ್ಪಾ ಎಂದು ಬರೆಯಲು ನಾನೇ ದಾರಿ ಮುಚ್ಚಿದ್ದೆ, ಅದಕ್ಕೆ ಮಾನ್ಯರೇ ಎಂದು ಬರೆದೆ. ಮೂವತ್ತಾರು ವರ್ಷ ಅರ್ಜಿ ಓದಿದ ನನಗೆ ಅದೊಂದನ್ನು ಓದಲು ಬರಲಿಲ್ಲ. ಖಾಲಿ ಕಪಾಟಿನ ಮುಂದೆ ನೆಲದ ಮೇಲೇ ಕೂತು ಅತ್ತೆ. ಗುಮಾಸ್ತ ಪಾಪ, ಕುರ್ಚಿ ಬಿಟ್ಟುಹೋಗುವುದಕ್ಕೆ ಅಳುತ್ತಿದ್ದೇನೆಂದು ಸಮಾಧಾನ ಮಾಡಿದ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನ್ನ ಕಥೆ ಅದೇ. ನಿಯಮದ ಪ್ರಕಾರ ನಾನು ಮಾಡಿದ್ದರಲ್ಲಿ ತಪ್ಪಿಲ್ಲ, ಯಾವ ಆಡಿಟಿನವರೂ ಬೆರಳು ತೋರಿಸಲಾರರು. ಅದೇ ನನ್ನನ್ನು ಹೆಚ್ಚು ಸುಡುತ್ತಿದೆ. ಆ ಚೀಟಿಯ ಮೇಲಿನ ನನ್ನ ಸಹಿ ನೋಡಿದಾಗ ನಿನಗೆ ಏನನ್ನಿಸಿತೋ ಕೇಳುವ ಧೈರ್ಯವಿಲ್ಲ. ಅಳಿಯಂದಿರಿಗೆ ತೋರಿಸಿದೆಯೋ, ಒಬ್ಬಳೇ ನುಂಗಿಕೊಂಡೆಯೋ. ಅವರಿಗೆ ನನ್ನ ನಮಸ್ಕಾರ ತಿಳಿಸು. ರಸ್ತೆ ಕೆಟ್ಟಷ್ಟೂ ಅವರ ಅಂಗಡಿ ನಡೆಯುತ್ತದೆಂದು ಹಿಂದೆ ಹಂಗಿಸಿದ್ದೆ. ನನ್ನ ತಪ್ಪಾಯಿತು ಎಂದು ಹೇಳು. ಬೇಡ, ನಾನೇ ಹೇಳಬೇಕು.

ಮಗುವಿಗೆ ನೂರು ಮುತ್ತು. ಅವಳ ಕೈ ಸರಿಯಾಗಿ ಕೂಡಿಕೊಂಡಿದೆಯೆಂದೇ ನಂಬಿಕೊಂಡಿದ್ದೇನೆ. ನೀವೆಲ್ಲ ತಣ್ಣಗಿರಿ.

ಇತಿ,
ನಿನ್ನ ಅಪ್ಪ

ತಾ.ಕ.: ಅಂಚೆಯವನು ಪೆಟ್ಟಿಗೆ ಬಿಚ್ಚುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮುಂದಿನ ಗುರುವಾರದ ಬಸ್ಸಿಗೆ ನಿಮ್ಮ ಊರಿಗೆ ಟಿಕೆಟ್ ತೆಗೆಸಿದ್ದೇನೆ. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನಿಮ್ಮ ಅಂಗಡಿಯ ಎದುರಿಗೆ ಇಳಿಯುತ್ತೇನೆ. ಬೇಡವೆನಿಸಿದರೆ ಬಾಗಿಲು ತೆಗೆಯಬೇಡ, ಸಂಜೆಯ ಬಸ್ಸಿನವರೆಗೆ ಎದುರುಗಡೆ ಕೂತಿದ್ದು ವಾಪಸು ಬರುತ್ತೇನೆ. ಆದರೆ ಮಗುವನ್ನು ಎಂದಿನಂತೆ ಶಾಲೆಗೆ ಕಳಿಸು, ದೂರದಿಂದ ನೋಡುತ್ತೇನೆ. ಅವಳೇ ಬಂದು ಯಾರು ನೀವು ಎಂದು ಕೇಳಿದರೆ, ರಸ್ತೆ ನೋಡಲು ಬಂದವನು ಎನ್ನುತ್ತೇನೆ. ನೀನಾಗಿ ಹೇಳುವವರೆಗೆ ನಾನು ತಾತ ಎಂದು ಹೇಳಿಕೊಳ್ಳುವುದಿಲ್ಲ.