ಮೆಹಬೂಬಿ ಅಕ್ಕನಿಗೆ ಗುಡ್ಡದ ಸುದ್ದಿ

ಪ್ರೀತಿಯ ಮೆಹಬೂಬಿ ಅಕ್ಕ,

ನೀನು ಮೊದಲ ಸಲ ನನ್ನನ್ನು ಗಜೇಂದ್ರಗಡದ ಗುಡ್ಡಕ್ಕೆ ಎಳೆದೊಯ್ದದ್ದು ನೆನಪಿದೆಯಾ? ನಾನು ಮಗ್ಗದ ಮುಂದೆ ಸೊಂಟ ಹಿಡಿದುಕೊಂಡು ಕೂತಿದ್ದೆ. ಪಕ್ಕದ ಮನೆಯಿಂದ ಬಂದವಳೇ ನೀನು, "ಏಳ ಗಂಗವ್ವ, ಹಕ್ಕಿ ನೋಡಾಕ ಹೋಗೋಣು. ಸೀರಿ ಎಲ್ಲಿಗೂ ಓಡಿ ಹೋಗೂದಿಲ್ಲ" ಎಂದೆ. ಗಂಡ ಸತ್ತ ಮೇಲೆ ನನ್ನನ್ನು ಹಾಗೆ ಕೈ ಹಿಡಿದು ಎಬ್ಬಿಸಿದವರು ಬೇರಾರೂ ಇರಲಿಲ್ಲ. ಆಮೇಲೆ ಪ್ರತಿ ವರ್ಷ ಬೇವು ಹೂಬಿಟ್ಟಾಗ ಇಬ್ಬರೂ ನಸುಕಿನಲ್ಲೇ ಹೊರಟುಬಿಡುತ್ತಿದ್ದೆವು.

ಎಕ್ಕೆ ಗಿಡದ ಮೇಲೆ ಹಳದಿ-ನೀಲಿ ಪಟ್ಟಿಯ ಮಿಡತೆ ಕಂಡರೆ ಸಾಕು, ನೀನು ಮಂಡಿಯೂರಿ ಕೂತುಬಿಡುತ್ತಿದ್ದೆ. "ಇದರ ಅಂಚ ನೋಡ. ನೀ ಯಾವತ್ತರ ಇಂಥಾದ್ದು ನೇದೀಯೇನ?" ಎಂದು ಕೆಣಕುತ್ತಿದ್ದೆ.

ನಿನ್ನ ಕಣ್ಣಿಗೆ ಪೊರೆ ಬಂದ ಮೇಲಿನ ಆ ಕೊನೆಯ ವಸಂತದ ಒಂದು ಮಾತು ಹೇಳಬೇಕು. ನನ್ನ ಹೆಗಲು ಹಿಡಿದು ಹತ್ತಿದ್ದೆ ನೀನು. ನೀಲಕಂಠ ಹಕ್ಕಿ ಪ್ರತಿ ವರ್ಷ ಕೂರುತ್ತಿದ್ದ ಜಾಲಿ ಗಿಡದ ಹತ್ತಿರ ನಿಂತು, "ನೀಲಕಂಠ ಕುಂತೈತೇನ?" ಎಂದು ಕೇಳಿದೆ. ಗಿಡ ಖಾಲಿಯಿತ್ತು. "ಕುಂತೈತಿ ಅಕ್ಕಾ" ಎಂದುಬಿಟ್ಟೆ ನಾನು.

"ಮಾರಿ ಯಾವ ಕಡಿಗೈತಿ?"

"ನಿನ್ನ ಕಡಿಗೇ."

ನೀನು ಗಿಡದತ್ತ ಮುಖ ಮಾಡಿ, ಸೆರಗು ಸರಿಮಾಡಿಕೊಂಡು, ಮನೆಗೆ ಬಂದ ಬೀಗರ ಎದುರು ನಿಂತಂತೆ ನಿಂತೆ. ನಿನಗೆ ತಿಳಿಯಲಿಲ್ಲವೇ? ತಿಳಿದೂ ಸುಮ್ಮನಿದ್ದೆಯಾ? ಮರುದಿನ ಖರೇ ಹೇಳಿಬಿಡೋಣ ಅಂದುಕೊಂಡೆ. ಆದರೆ ನಿನಗೆ ಜ್ವರ, ದವಾಖಾನೆ, ಆಮೇಲೆ...

ಈ ವರ್ಷ ಒಬ್ಬಳೇ ಹೋದೆ. ತೋರಿಸಲು ಯಾರೂ ಇಲ್ಲದಿದ್ದರೆ ಹಕ್ಕಿ ನೋಡುವುದು ಎಷ್ಟು ಬೇಗ ಮುಗಿದುಹೋಗುತ್ತದೆ, ಗೊತ್ತಾ? ಇಳಿಯುವಾಗ ಬಯಲಿನಲ್ಲಿ ಟಿಟ್ಟಿಭ ಹಕ್ಕಿಯೊಂದು ಚೀರುತ್ತ ನನ್ನ ತಲೆಯ ಮೇಲೇ ಎರಗಿತು. ನೋಡಿದರೆ ಕಾಲ ಬುಡದಲ್ಲೇ, ಕಲ್ಲುಗಳ ನಡುವೆ, ಕಲ್ಲಿನಂಥವೇ ನಾಲ್ಕು ಮೊಟ್ಟೆ. ಅಷ್ಟರಲ್ಲಿ ಪುರ್ತಗೇರಿ ಕಡೆಯಿಂದ ಕುರಿ ಹಿಂಡು ಬಂತು. ಎರಡೂ ಕೈ ಚಾಚಿ ಅಡ್ಡ ನಿಂತೆ.

"ಈ ಕಡಿ ಬ್ಯಾಡೋ ತಮ್ಮಾ, ತತ್ತಿ ಅದಾವ!"

ಕುರಿ ಕಾಯುವವನ ಜೇಬಿನಲ್ಲಿ ಮೊಬೈಲ್ ಹಾಡುತ್ತಿತ್ತು. ಅದನ್ನು ನಿಲ್ಲಿಸಿ, ಹಿಂಡನ್ನು ತಿರುಗಿಸಿದ. ಹೋಗುತ್ತ ಕೇಳಿದ, "ಒಬ್ಬಾಕಿನ ಬಂದೀಯೇನ ಯವ್ವಾ?"

ನಾನು ಬಗ್ಗಿ ಮೊಟ್ಟೆಗಳನ್ನು ಮತ್ತೊಮ್ಮೆ ಎಣಿಸಿದೆ.

ಆಮೇಲೆ ದಿನವೂ ಹೋಗಿ ದೂರದಲ್ಲಿ ಕೂತು ಕಾದೆ. ನಿನ್ನೆ ಬೆಳಿಗ್ಗೆ ಮರಿಗಳು ಹೊರಬಂದಿವೆ, ಅಕ್ಕ. ಮೂರು. ನಾಲ್ಕನೆಯ ಮೊಟ್ಟೆ ಒಡೆಯಲಿಲ್ಲ. ಆದರೆ ಆ ಮೂರೂ ಮರಿಗಳು ಕಡ್ಡಿಯಂಥ ಕಾಲುಗಳ ಮೇಲೆ ಆಗಲೇ ಓಡಾಡುತ್ತಿವೆ. ನಿನಗೆ ಹೇಳಬೇಕೆಂದು ದಡಬಡನೆ ಇಳಿದು ನಿನ್ನ ಬಾಗಿಲ ತನಕ ಬಂದುಬಿಟ್ಟೆ. ಬಾಗಿಲಿಗೆ ಜಡಿದ ಕೀಲಿ ನೋಡಿದ ಮೇಲೆ ನೀನಿಲ್ಲದ್ದು ನೆನಪಾಯಿತು. ಅಲ್ಲೇ ಕಟ್ಟೆಯ ಮೇಲೆ ಕೂತು, ಯಾರೂ ಇಲ್ಲದ ಮನೆಗೆ ಎಲ್ಲವನ್ನೂ ಹೇಳಿ ಬಂದೆ.

ನಿನ್ನ ಗಂಗವ್ವ